ಹರಿಯುವ ನೀರಿನಲ್ಲಿ ಎರೆಯ ಆಯ್ಕೆ: ಕಾವೇರಿಯ ಮಹಶೀರ್ ಮೀನಿನ ಚರಿತ್ರೆಗೆ ಒಂದು ಪ್ರವೇಶ

ಕರ್ಣಾಟಕದ ನೀರಾವರಿಯ ಚರಿತ್ರೆಯನ್ನು ಬರೆಯತಕ್ಕವರಿಗೆ ಶಾಸನಗಳ ಬೆಂಬಲ ಸಾಕಷ್ಟಿದೆ. ಕೆರೆಯನ್ನು ಕಟ್ಟಿಸಿದವರ ಹೆಸರು, ತೂಬಿನ ಜೀರ್ಣೋದ್ಧಾರ, ಕೆರೆಯ ರಕ್ಷಣೆಗೆಂದು ಬಿಟ್ಟ ಬಿತ್ತುವಟ್ಟ ಇವೆಲ್ಲವೂ ಕಲ್ಲಿನ ಮೇಲೆ ಉಳಿದುಬಂದಿವೆ. ಆದರೆ ಆ ನೀರಿನೊಳಗೆ ಬಾಳಿದ ಜೀವಿಗಳ ವಿಷಯದಲ್ಲಿ ಶಾಸನಗಳು ಬಹುಮಟ್ಟಿಗೆ ಮೌನವಾಗಿವೆ. ಹೊಳೆಯಲ್ಲಿ ಯಾವ ಮೀನು ಇದ್ದಿತು, ಎಷ್ಟು ದೊಡ್ಡದಾಗಿ ಬೆಳೆಯುತ್ತಿದ್ದಿತು, ಏನನ್ನು ತಿನ್ನುತ್ತಿದ್ದಿತು, ಯಾವಾಗ ಕಡಿಮೆಯಾಯಿತು ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಬೇರೆ ಕಡೆ ಹುಡುಕಬೇಕಾಗುತ್ತದೆ. ಹೀಗೆ ಹುಡುಕುವವನಿಗೆ ದೊರೆಯುವ ಆಧಾರಗಳಲ್ಲಿ ಗಾಳ ಹಾಕುವವರ ಬರಹಗಳು ಮುಖ್ಯವಾದುವು. ಇವು ವಿನೋದಕ್ಕೆಂದು ಬರೆದವುಗಳೆಂಬ ಕಾರಣದಿಂದ ಚರಿತ್ರಕಾರರು ಇವುಗಳ ಕಡೆಗೆ ಹೆಚ್ಚು ಗಮನ ಕೊಟ್ಟಿಲ್ಲ.

ಪ್ರಸ್ತುತ ಲೇಖನದಲ್ಲಿ ಎರಡು ಕೆಲಸಗಳನ್ನು ಉದ್ದೇಶಿಸಿದೆ. ಹರಿಯುವ ನೀರಿನಲ್ಲಿ ಗಾಳ ಹಾಕುವವನು ಎರೆಯನ್ನೂ ವಿಧಾನವನ್ನೂ ಯಾವ ತತ್ತ್ವದ ಮೇಲೆ ಆರಿಸಿಕೊಳ್ಳುತ್ತಾನೆಂಬುದನ್ನು ವಿವರಿಸುವುದು ಮೊದಲನೆಯದು. ಆ ತತ್ತ್ವವನ್ನು ತಿಳಿದ ಮೇಲೆ ಗಾಳದ ಬರಹಗಳನ್ನೂ ಲೆಕ್ಕಗಳನ್ನೂ ಚರಿತ್ರೆಯ ಆಧಾರಗಳಾಗಿ ಹೇಗೆ ಓದಬೇಕೆಂಬುದನ್ನು ಸೂಚಿಸುವುದು ಎರಡನೆಯದು. ಉದಾಹರಣೆಗೆ ಆರಿಸಿಕೊಂಡಿರುವುದು ಮಹಶೀರ್ ಮೀನು. ಕಾವೇರಿಯ ದಂಡೆಯವರು ಇದನ್ನು ಬಿಳಿಮೀನು ಎನ್ನುತ್ತಾರೆ. ತುಳುನಾಡಿನವರು ಪೆರುವೋಳು ಎನ್ನುತ್ತಾರೆ. ಗೆಂಡೆ ಮೀನಿನ ಬಳಗಕ್ಕೆ ಸೇರಿದ ಈ ಮೀನು ನಮ್ಮ ನಾಡಿನ ಹೊಳೆಗಳ ಮೀನುಗಳಲ್ಲಿ ಗಾತ್ರದಿಂದಲೂ ಬಲದಿಂದಲೂ ಹೆಸರಾದುದು.

೧. ಮತ್ಸ್ಯವಿನೋದ

ಗಾಳದ ವಿಷಯವನ್ನು ಶಾಸ್ತ್ರವೆಂಬಂತೆ ನಿರೂಪಿಸಿದ ಬಹು ಹಳೆಯ ಗ್ರಂಥವೊಂದು ನಮ್ಮ ನಾಡಿನಲ್ಲಿಯೇ ಹುಟ್ಟಿತೆಂಬುದು ಗಮನಾರ್ಹವಾದ ಸಂಗತಿ. ಕಲ್ಯಾಣದ ಚಾಲುಕ್ಯ ದೊರೆ ಭೂಲೋಕಮಲ್ಲ ಮೂರನೆಯ ಸೋಮೇಶ್ವರನು (೧೧೨೬-೧೧೩೮) ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸಕ್ಕೆ ಅಭಿಲಷಿತಾರ್ಥಚಿಂತಾಮಣಿ ಎಂಬುದು ಇನ್ನೊಂದು ಹೆಸರು. ಇದರ ರಚನೆಯ ಕಾಲ ಸುಮಾರು ೧೧೩೦. ಐದು ವಿಂಶತಿಗಳಲ್ಲಿ ನೂರು ಅಧ್ಯಾಯಗಳಿರುವ ಈ ಗ್ರಂಥದ ನಾಲ್ಕನೆಯ ವಿಂಶತಿಯು ಅರಸನ ವಿನೋದಗಳಿಗೆ ಮೀಸಲಾದುದು. ಆನೆ, ಕುದುರೆ, ಮಲ್ಲಯುದ್ಧ, ಡೇಗೆಯ ಬೇಟೆ ಮೊದಲಾದವುಗಳ ಸಾಲಿನಲ್ಲಿ ಮತ್ಸ್ಯವಿನೋದಕ್ಕೂ ಅಲ್ಲಿ ಸ್ಥಳವಿದೆ.

ಈ ಪ್ರಕರಣದ ಕ್ರಮವನ್ನು ಗಮನಿಸಬೇಕು. ಗ್ರಂಥಕಾರನು ಗಾಳದ ವರ್ಣನೆಗೆ ಒಮ್ಮೆಗೇ ಕೈಹಾಕುವುದಿಲ್ಲ. ಕಡಲ ಮೀನು ಯಾವುದು, ಹೊಳೆಯ ಮೀನು ಯಾವುದು. ಮೈಮೇಲೆ ಹುರುಪೆ ಇರುವುದು ಯಾವುದು, ಇಲ್ಲದ್ದು ಯಾವುದು. ಗಾತ್ರದಲ್ಲಿ ಹಿರಿದು ಯಾವುದು, ಕಿರಿದು ಯಾವುದು ಎಂದು ಮೀನುಗಳನ್ನು ವಿಂಗಡಿಸುತ್ತಾನೆ. ಯಾವ ಮೀನಿಗೆ ಯಾವ ಆಹಾರವೆಂಬುದನ್ನು ಹೇಳುತ್ತಾನೆ. ದಾರ, ಕೊಕ್ಕೆ, ಬೆಂಡು ಇವುಗಳ ಮಾತು ಬರುವುದು ಇದರ ಜೊತೆಯಲ್ಲಿ. ಮೀನಿನ ಜಾತಿಯನ್ನೂ ಅದರ ಆಹಾರವನ್ನೂ ತಿಳಿಯದವನಿಗೆ ಗಾಳದ ಉಪಕರಣದಿಂದ ಪ್ರಯೋಜನವಿಲ್ಲವೆಂಬ ಅಭಿಪ್ರಾಯ ಈ ಜೋಡಣೆಯಲ್ಲಿಯೇ ಅಡಗಿದೆ. ಮತ್ಸ್ಯಶಾಸ್ತ್ರಜ್ಞರಾದ ಸುಂದರಲಾಲ್ ಹೋರಾ ಅವರು ೧೯೫೧ರಲ್ಲಿ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಈ ಪ್ರಕರಣವನ್ನು ಕುರಿತು ಬರೆದು ಇದರ ವೈಜ್ಞಾನಿಕ ಮಹತ್ತ್ವವನ್ನು ವಿದ್ವಾಂಸರ ಗಮನಕ್ಕೆ ತಂದರು. ಅರಸನ ವಿನೋದವೆಂದು ಬರೆದುದು ಎಂಟು ನೂರು ವರ್ಷಗಳ ತರುವಾಯ ಪ್ರಾಣಿಶಾಸ್ತ್ರಜ್ಞರಿಗೆ ಆಧಾರವಾಯಿತು.

೨. ಮಂಗಳೂರಿನ ಗ್ರಂಥ

ಇದೇ ವಿಷಯದ ಮೇಲೆ ನಮ್ಮ ನಾಡಿನಲ್ಲಿ ಪ್ರಕಟವಾದ ಇನ್ನೊಂದು ಪ್ರಸಿದ್ಧ ಗ್ರಂಥ ಹೆನ್ರಿ ಸಲಿವನ್ ಥಾಮಸ್ ಎಂಬ ಆಂಗ್ಲ ಅಧಿಕಾರಿಯದು. ಮದರಾಸು ಸಿವಿಲ್ ಸರ್ವಿಸಿಗೆ ಸೇರಿದ ಈತನು ದಕ್ಷಿಣ ಕನ್ನಡ ಜಿಲ್ಲೆಯ ಕಲೆಕ್ಟರನಾಗಿದ್ದನು. ಈತನ ‘ದಿ ರಾಡ್ ಇನ್ ಇಂಡಿಯಾ’ ೧೮೭೩ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಎರಡನೆಯ ಮುದ್ರಣ ೧೮೮೧ರಲ್ಲಿಯೂ ಮೂರನೆಯದು ೧೮೯೭ರಲ್ಲಿಯೂ ಲಂಡನ್ನಿನಿಂದ ಹೊರಬಂದುವು. ಇದಕ್ಕೆ ಮುಂಚೆ, ೧೮೭೦ರಲ್ಲಿ, ದಕ್ಷಿಣ ಕನ್ನಡದ ಮತ್ಸ್ಯಕೃಷಿಯನ್ನು ಕುರಿತು ಈತನು ಸರ್ಕಾರಕ್ಕೆ ಒಂದು ವರದಿಯನ್ನೂ ಒಪ್ಪಿಸಿದ್ದನು. ಮಳೆಗಾಲದಲ್ಲಿ ಮೊಟ್ಟೆಯಿಡಲು ಹೊಳೆಯನ್ನೇರುವ ಮೀನುಗಳ, ಬೇಸಿಗೆಯ ಮಡುಗಳಲ್ಲಿ ಉಳಿಯುವ ಮರಿಗಳ ಸ್ಥಿತಿ ಆ ಕಾಲದ ಆಡಳಿತದ ಗಮನಕ್ಕೆ ಬಂದುದು ಇಂಥ ವರದಿಗಳಿಂದ. ಸಿಡಿಮದ್ದಿನಿಂದಲೂ ವಿಷದಿಂದಲೂ ಮೀನು ಕೊಲ್ಲುವುದನ್ನು ನಿಷೇಧಿಸಿದ ಭಾರತೀಯ ಮೀನುಗಾರಿಕೆ ಶಾಸನ ಜಾರಿಗೆ ಬಂದುದು ೧೮೯೭ರಲ್ಲಿ.

ಥಾಮಸನು ಮಹಶೀರ್ ಮೀನಿನ ಬಾಯಿಯಿಂದ ತನ್ನ ವಾದವನ್ನು ಆರಂಭಿಸುತ್ತಾನೆ. ಈ ಮೀನಿನ ದವಡೆಯಲ್ಲಿ ಹಲ್ಲುಗಳಿಲ್ಲ. ತುಟಿಗಳು ದಪ್ಪವಾಗಿ ತೊಗಲಿನಂತಿವೆ. ಗಂಟಲಿನೊಳಗೆ ಮಾತ್ರ ಬಲವಾದ ಹಲ್ಲುಗಳ ಸಾಲುಗಳಿದ್ದು, ನುಂಗಿದ ಪದಾರ್ಥವನ್ನು ಅವು ಅರೆಯುತ್ತವೆ. ಏಡಿಯ ಚಿಪ್ಪು, ಶಂಬೂಕದ ಚಿಪ್ಪು, ಗಟ್ಟಿಯಾದ ಕಾಯಿಯ ಸಿಪ್ಪೆ ಇವೆಲ್ಲವೂ ಅಲ್ಲಿ ಪುಡಿಯಾಗುತ್ತವೆ. ತೆಳುವಾದ ಕೊಕ್ಕೆಯೂ ಅಲ್ಲಿ ಸಿಕ್ಕಿಕೊಂಡರೆ ನಜ್ಜುಗುಜ್ಜಾಗುವುದುಂಟು. ಇಂಥ ಬಾಯಿಯುಳ್ಳ ಮೀನು ಸಣ್ಣ ಮೀನು, ಏಡಿ, ಹುಳು ಇವುಗಳನ್ನು ಹೇಗೋ ಹಾಗೆಯೇ ಹೊಳೆಗೆ ಬಾಗಿದ ಮರಗಳಿಂದ ಬೀಳುವ ಹಣ್ಣು, ಕಾಳು, ಪಾಚಿ ಇವುಗಳನ್ನೂ ತಿನ್ನುತ್ತದೆ. ಆದುದರಿಂದ ಮಹಶೀರಿಗೆ ಎರೆ ಇಂಥದೇ ಒಂದು ಎಂದು ನಿಯಮವಿಡಲು ಸಾಧ್ಯವಿಲ್ಲ. ಹೊಳೆಯ ಆ ಭಾಗದಲ್ಲಿ, ಆ ಋತುವಿನಲ್ಲಿ ಅದು ಏನನ್ನು ತಿನ್ನುತ್ತಿದೆಯೆಂಬುದೇ ಎರೆಯನ್ನು ನಿರ್ಣಯಿಸತಕ್ಕದ್ದು. ಶೃಂಗೇರಿಯಲ್ಲಿ ತುಂಗೆಯ ಸೋಪಾನಗಳ ಬಳಿ ಭಕ್ತರು ಹಾಕುವ ಅಕ್ಕಿ, ಪುರಿಗಳಿಗೆ ಮುಗಿಬೀಳುವ ಮೀನುಗಳನ್ನು ನೋಡಿದವರಿಗೆ, ಕಾಳು ಕಡಿಗಳನ್ನು ಎರೆಯಾಗಿ ಬಳಸುವುದು ಆಶ್ಚರ್ಯವೆನಿಸಲಾರದು.

೩. ಹರಿವು ಮತ್ತು ಮೀನಿನ ಠಾವು

ಕೆರೆಯಲ್ಲಿ ಗಾಳ ಹಾಕುವವನು ಮೀನು ತನ್ನ ಬಳಿಗೆ ಬರಲೆಂದು ಕಾಯಬಹುದು. ಕೆರೆಯ ಮೀನು ಆಹಾರವನ್ನರಸಿ ಅಲೆಯುತ್ತದೆ. ಹೊಳೆಯಲ್ಲಿ ಸ್ಥಿತಿ ಬೇರೆ. ಅಲ್ಲಿ ಆಹಾರವನ್ನು ನೀರೇ ಹೊತ್ತು ತರುತ್ತದೆ. ಮೀನು ಒಂದು ಠಾವಿನಲ್ಲಿ ನಿಂತು ಅದನ್ನು ಎದುರುಗೊಳ್ಳುತ್ತದೆ. ಹರಿವಿಗೆ ಎದುರಾಗಿ ಈಜುತ್ತ ನಿಲ್ಲುವುದು ಬಹಳ ಶ್ರಮದ ಕೆಲಸ. ತಿಂದುದರಿಂದ ಬರುವ ಬಲಕ್ಕಿಂತ ನಿಲ್ಲುವುದಕ್ಕೆ ಖರ್ಚಾಗುವ ಬಲ ಹೆಚ್ಚಾದರೆ ಮೀನು ಬದುಕಲಾರದು. ಈ ಕಾರಣದಿಂದ ಅದು ನೀರಿನ ಸೆಳೆತ ಕಡಿಮೆಯಿರುವ, ಆದರೆ ಸೆಳೆತದ ನೀರು ಹತ್ತಿರದಲ್ಲಿಯೇ ಹಾದುಹೋಗುವ ಸ್ಥಳವನ್ನು ಹುಡುಕುತ್ತದೆ.

ಇಂಥ ಸ್ಥಳಗಳು ಹೊಳೆಯಲ್ಲಿ ಕೆಲವೇ. ದೊಡ್ಡ ಬಂಡೆಯ ಹಿಂಬದಿ ಒಂದು. ಬಂಡೆಯ ಮುಂಬದಿಯಲ್ಲಿಯೂ ನೀರು ತಡೆದು ನಿಲ್ಲುವ ಸಣ್ಣ ಜಾಗವಿರುತ್ತದೆ. ರಭಸದ ಧಾರೆಯೂ ನಿಧಾನವಾದ ನೀರೂ ಒಂದನ್ನೊಂದು ಒರಸಿಕೊಂಡು ಹರಿಯುವ ಗೆರೆ ಮತ್ತೊಂದು. ನೀರಿನ ಮೇಲೆ ನೊರೆ ಸಾಲಾಗಿ ತೇಲುವುದರಿಂದ ಈ ಗೆರೆಯನ್ನು ಗುರುತಿಸಬಹುದು. ಧಾರೆ ಮಡುವಿಗೆ ಬೀಳುವ ಬಾಯಿ, ಮಡುವಿನ ನೀರು ತಿಳುವಾಗುತ್ತ ಮುಂದಿನ ಇಳಿಜಾರಿಗೆ ಹೊರಡುವ ಬಾಲ, ದಂಡೆಯನ್ನು ನೀರು ಕೊರೆದು ಮಾಡಿದ ಪೊಟರೆ, ಬಿದ್ದ ಮರದ ಮರೆ, ಉಪನದಿ ಬಂದು ಸೇರುವ ಕೂಡಲಿ ಇವು ಉಳಿದವು. ಬೇಸಿಗೆಯಲ್ಲಿ ನೀರು ಕಾದು ಅದರಲ್ಲಿನ ಪ್ರಾಣವಾಯು ಕಡಿಮೆಯಾದಾಗ ಮೀನು ನೊರೆಯೇಳುವ ಧಾರೆಯ ಕಡೆಗೆ ಬರುತ್ತದೆ. ಬಿಸಿಲೇರಿದಾಗ ಆಳಕ್ಕೆ ಸರಿಯುತ್ತದೆ.

ಇದರಿಂದ ಒಂದು ಮುಖ್ಯವಾದ ನಿಯಮ ಹೊರಡುತ್ತದೆ. ಮೀನಿನ ಮುಖ ಸದಾ ಹರಿವಿಗೆ ಎದುರಾಗಿರುವುದರಿಂದ ಆಹಾರ ಬರುವುದು ಮೇಲುಭಾಗದಿಂದ. ಎರೆಯು ಸಹ ಅದೇ ದಾರಿಯಲ್ಲಿ, ಅದೇ ವೇಗದಲ್ಲಿ ಬರಬೇಕು. ಹರಿವಿಗೆ ವಿರುದ್ಧವಾಗಿ ನೇರವಾಗಿ ಏರುವ ಹಣ್ಣನ್ನಾಗಲಿ, ಸೆಳೆತದ ನಡುವೆ ಅಲುಗಾಡದೆ ನಿಂತ ಹುಳುವನ್ನಾಗಲಿ ಮೀನು ಎಂದೂ ಕಂಡಿರುವುದಿಲ್ಲ. ಕಾಣದುದನ್ನು ಅದು ನಂಬುವುದಿಲ್ಲ. ಗಾಳದ ವಿಧಾನಗಳಲ್ಲಿ ಬಹುಪಾಲು ಈ ಒಂದು ನಿಯಮದ ವಿಸ್ತಾರವೇ ಆಗಿವೆ.

೪. ಎರೆಯ ಬಗೆಗಳು

ಎರೆಗಳನ್ನು ಎರಡು ವರ್ಗಗಳಾಗಿ ವಿಭಾಗಿಸುವುದು ವಾಡಿಕೆ. ಮೀನು ತಿನ್ನುವ ಪದಾರ್ಥವನ್ನೇ ಕೊಕ್ಕೆಗೆ ಸಿಕ್ಕಿಸುವುದು ಸಹಜ ಎರೆ. ಲೋಹ, ಮರ, ಗರಿ ಮೊದಲಾದವುಗಳಿಂದ ಆಹಾರದ ಭ್ರಾಂತಿಯನ್ನು ಹುಟ್ಟಿಸುವುದು ಹುಸಿ ಎರೆ.

ಕಾವೇರಿಯಲ್ಲಿ ಪ್ರಚುರವಾಗಿದ್ದ ಸಹಜ ಎರೆ ರಾಗಿಯ ಹಿಟ್ಟಿನದು. ಹಿಟ್ಟನ್ನು ನೀರಿನಲ್ಲಿ ಕಲಸಿ, ಬೇಯಿಸಿ, ನಾದಿ, ಕೊಕ್ಕೆಯ ಸುತ್ತ ಉಂಡೆ ಕಟ್ಟುವರು. ಉಂಡೆ ತೀರ ಮೆತ್ತಗಾದರೆ ಸೆಳೆತದಲ್ಲಿ ಕರಗಿಹೋಗುತ್ತದೆ. ತೀರ ಗಟ್ಟಿಯಾದರೆ ಮೀನು ಕಚ್ಚಿದಾಗ ಕೊಕ್ಕೆ ಅದರಿಂದ ಹೊರಬಂದು ತುಟಿಗೆ ನಾಟುವುದಿಲ್ಲ. ಹರಿವಿನ ರಭಸಕ್ಕೆ ತಕ್ಕಂತೆ ಪಾಕವನ್ನು ಹದಗೊಳಿಸುವುದೇ ಇಲ್ಲಿ ಕುಶಲತೆ. ಉಂಡೆಯ ಗಾತ್ರಕ್ಕೂ ಅರ್ಥವಿದೆ: ಅದು ದೊಡ್ಡದಾದಷ್ಟೂ ಸಣ್ಣ ಮೀನುಗಳಿಗೆ ಅದನ್ನು ನುಂಗಲು ಅಸಾಧ್ಯವಾಗಿ ದೊಡ್ಡ ಮೀನಿಗೆ ಉಳಿಯುತ್ತದೆ. ಹೊಳೆಯ ಏಡಿ ಇನ್ನೊಂದು ಎರೆ. ಬಂಡೆಗಳ ನಡುವೆ ಏಡಿ ಹೆಚ್ಚಾಗಿರುವ ಕಡೆ, ದೊಡ್ಡ ಮೀನನ್ನೇ ಬಯಸುವವರು ಇದನ್ನು ಆರಿಸುತ್ತಿದ್ದರು. ಸಣ್ಣ ಮೀನನ್ನು ಕೊಕ್ಕೆಗೆ ಸಿಕ್ಕಿಸಿ ನೀರಿನಲ್ಲಿ ತಿರುಗುವಂತೆ ಎಳೆಯುವುದು ಥಾಮಸನ ಕಾಲದಲ್ಲಿ ಬಹಳ ಮೆಚ್ಚಿಗೆಯ ವಿಧಾನವಾಗಿದ್ದಿತು. ಎರೆ ತಿರುಗಿದಂತೆ ದಾರವೂ ಹುರಿಗೊಳ್ಳದಿರಲೆಂದು ನಡುವೆ ತಿರುಗುಣಿಯನ್ನು ಜೋಡಿಸುತ್ತಿದ್ದರು.

ಹುಸಿ ಎರೆಗಳಲ್ಲಿ ಮುಖ್ಯವಾದುದು ಸ್ಪೂನ್ ಎಂದು ಕರೆಯಲ್ಪಡುವ ಲೋಹದ ತಗಡು. ಊಟದ ಚಮಚದ ಹಿಡಿಯನ್ನು ಕತ್ತರಿಸಿದರೆ ಉಳಿಯುವ ಆಕಾರ ಇದರದು. ಅಮೆರಿಕದ ಜೂಲಿಯೋ ಬ್ಯೂಯೆಲ್ ಎಂಬಾತನು ೧೮೫೨ರಲ್ಲಿ ಇದಕ್ಕೆ ಹಕ್ಕುಪತ್ರವನ್ನು ಪಡೆದನು. ನೀರಿನಲ್ಲಿ ಎಳೆದಾಗ ಇದು ಹೊರಳುತ್ತ ಮಿನುಗಿ, ಗಾಯಗೊಂಡು ತತ್ತರಿಸುವ ಮರಿಮೀನಿನಂತೆ ತೋರುತ್ತದೆ. ಮಹಶೀರಿನ ಹೊಳೆಗಳಿಗೂ ಇದು ಬಂದು ನೆಲೆಯೂರಿತು. ಹರಿವು ಹೆಚ್ಚಾದ ಕಡೆ ದಪ್ಪವಾದ, ಕಿರಿದಾದ ತಗಡು ಬೇಕು. ಅಗಲವಾದ ತೆಳು ತಗಡನ್ನು ನೀರು ಮೇಲಕ್ಕೆತ್ತಿಬಿಡುತ್ತದೆ. ನಿಧಾನವಾದ ಮಡುವಿನಲ್ಲಿ ಇದಕ್ಕೆ ವಿರುದ್ಧ: ಅಲ್ಲಿ ದಪ್ಪ ತಗಡು ಹೊರಳುವ ಮೊದಲೇ ತಳ ಸೇರುತ್ತದೆ.

ಇಲ್ಲಿ ಅಮೆರಿಕದ ಬಾಸ್ ಮೀನಿನೊಡನೆ ಹೋಲಿಕೆಯೊಂದು ಉಪಯುಕ್ತವಾಗಬಹುದು. ಅಲ್ಲಿಯ ಪೂರ್ವಭಾಗದ ಕಲ್ಲುಹಾಸಿನ ತೊರೆಗಳಲ್ಲಿ ಸ್ಮಾಲ್‌ಮೌತ್ ಬಾಸ್ ಎಂಬ ಮೀನು ವಾಸಿಸುತ್ತದೆ. ಜೇಮ್ಸ್ ಹೆನ್‌ಷಾಲ್ ಎಂಬ ವೈದ್ಯನು ಅದನ್ನೂ ಅದರ ಬಳಗದ ಮೀನನ್ನೂ ಕುರಿತು ಬರೆದ ‘ಬುಕ್ ಆಫ್ ದಿ ಬ್ಲ್ಯಾಕ್ ಬಾಸ್’ ಪ್ರಕಟವಾದುದು ೧೮೮೧ರಲ್ಲಿ. ಥಾಮಸನ ಗ್ರಂಥದ ಎರಡನೆಯ ಮುದ್ರಣದ ವರ್ಷವೂ ಅದೇ. ಬಾಸ್ ಸಹ ಬಂಡೆಯ ಮರೆಯಲ್ಲಿ ಹರಿವಿಗೆದುರಾಗಿ ನಿಲ್ಲುತ್ತದೆ. ಠಾವಿನ ವಿಷಯದಲ್ಲಿ ಎರಡು ಮೀನುಗಳಿಗೂ ಒಂದೇ ನಿಯಮ. ಆದರೆ ಬಾಸ್ ಕೇವಲ ಬೇಟೆಯ ಮೀನು. ಸಣ್ಣ ಮೀನು, ನೀರಿನ ಕೀಟಗಳು, ಕ್ರೇಫಿಶ್ ಎಂಬ ಸಿಗಡಿಯಂಥ ಪ್ರಾಣಿ ಇವೇ ಅದರ ಆಹಾರ. ಕಾಳು ಹಣ್ಣುಗಳ ಗೊಡವೆ ಅದಕ್ಕಿಲ್ಲ. ಹೀಗಾಗಿ ಬಾಸಿಗೆ ಹಾಕುವ ಎರೆ ಸಹಜವಾಗಲಿ ಹುಸಿಯಾಗಲಿ ಚಲಿಸುವ ಪ್ರಾಣಿಯನ್ನೇ ಹೋಲಬೇಕು. ಅಮೆರಿಕದಲ್ಲಿ ಲೋಹದ, ಮರದ ಹುಸಿ ಎರೆಗಳ ತಯಾರಿಕೆ ಒಂದು ದೊಡ್ಡ ಉದ್ಯಮವಾಗಿ ಬೆಳೆಯಲು ಈ ಮೀನಿನ ಸ್ವಭಾವವೂ ಒಂದು ಕಾರಣ. ಕಾವೇರಿಯ ದಂಡೆಯಲ್ಲಿ ಅಡಿಗೆಮನೆಯ ರಾಗಿ ಹಿಟ್ಟೇ ಶ್ರೇಷ್ಠವಾದ ಎರೆಯಾಗಿ ಉಳಿಯಲು ಮಹಶೀರಿನ ಸ್ವಭಾವ ಕಾರಣ. ಹೀಗೆ ಮೀನಿನ ಗಂಟಲಿನ ರಚನೆಯು ಎರಡು ನಾಡುಗಳ ಉಪಕರಣಗಳ ಚರಿತ್ರೆಯನ್ನು ಬೇರೆ ಬೇರೆ ದಾರಿಗಳಿಗೆ ತಿರುಗಿಸಿತೆನ್ನಬಹುದು.

೫. ಋತು ಮತ್ತು ವಿಧಾನ

ಎರೆಯನ್ನು ಆರಿಸುವಾಗ ನೀರಿನ ಬಣ್ಣವನ್ನು ನೋಡಬೇಕು. ಜೂನ್ ತಿಂಗಳಿನಿಂದ ನಮ್ಮ ಹೊಳೆಗಳು ಕೆಮ್ಮಣ್ಣನ್ನು ಹೊತ್ತು ಹರಿಯುತ್ತವೆ. ಆಗ ಮಿನುಗುವ ತಗಡು ಮೀನಿಗೆ ಕಾಣುವುದಿಲ್ಲ. ಮಹಶೀರಿನ ಬಾಯ ಬಳಿ ಎರಡು ಜೊತೆ ಮೀಸೆಗಳಿವೆ. ಕಲಕಿದ ನೀರಿನಲ್ಲಿ ಅದು ಸ್ಪರ್ಶದಿಂದಲೂ ವಾಸನೆಯಿಂದಲೂ ರುಚಿಯಿಂದಲೂ ಆಹಾರವನ್ನು ಕಂಡುಕೊಳ್ಳುತ್ತದೆ. ವಾಸನೆಯುಳ್ಳ ಹಿಟ್ಟು ಅಂಥ ನೀರಿಗೆ ತಕ್ಕುದು. ಮಳೆ ಹಿಂದೆ ಸರಿದು ನೀರು ತಿಳಿಯಾದಂತೆ ಹುಸಿ ಎರೆಗೆ ಕಾಲ ಬರುತ್ತದೆ. ನೀರು ಪೂರ್ತಿ ತಿಳಿಯಾಗಿ ಇಳಿದಾಗ ದೊಡ್ಡ ತಗಡು ಮೀನನ್ನು ಬೆದರಿಸುತ್ತದೆ. ಆಗ ತೆಳುವಾದ ದಾರವೂ ಕಿರಿದಾದ ಎರೆಯೂ ದಂಡೆಯ ಮೇಲೆ ನೆರಳು ಬೀಳದ ನಡಿಗೆಯೂ ಬೇಕು.

ಹುಸಿ ಎರೆಯನ್ನು ಎಸೆಯುವ ಕ್ರಮ ಹೀಗೆ. ಎಸೆಯುವವನು ಹೊಳೆಗೆ ಅಡ್ಡಲಾಗಿ, ಸ್ವಲ್ಪ ಕೆಳಮುಖವಾಗಿ ಎರೆಯನ್ನು ಹಾಕುತ್ತಾನೆ. ದಾರ ಬಿಗಿಯಾಗುತ್ತಲೇ ಹರಿವು ಎರೆಯನ್ನು ಒತ್ತಿ ಕಮಾನಿನಂತೆ ತನ್ನ ದಂಡೆಯ ಕಡೆಗೆ ತರುತ್ತದೆ. ಸೆಳೆತವನ್ನು ತಾಳಲಾರದ ಮರಿಮೀನೊಂದು ಅಡ್ಡಹಾಯ್ದು ದಂಡೆಯ ಆಶ್ರಯಕ್ಕೆ ಬರುವ ದೃಶ್ಯವನ್ನು ಇದು ಅನುಕರಿಸುತ್ತದೆ. ಒಂದೊಂದು ಎಸೆತಕ್ಕೂ ಒಂದೆರಡು ಹೆಜ್ಜೆ ಕೆಳಕ್ಕೆ ಸರಿಯುತ್ತ ಹೋದರೆ ಮಡುವಿನ ಎಲ್ಲ ಠಾವುಗಳನ್ನೂ ಕ್ರಮವಾಗಿ ಶೋಧಿಸಿದಂತಾಗುತ್ತದೆ. ಹಿಟ್ಟಿನ ಎರೆಗೆ ಈ ಚಲನೆ ಬೇಡ. ಸೀಸದ ಭಾರವನ್ನು ಕಟ್ಟಿ ಅದನ್ನು ಧಾರೆಯ ಅಂಚಿನಲ್ಲಿ ತಳಕ್ಕಿಳಿಸಿ, ದಾರವನ್ನು ಬೆರಳಿನ ಮೇಲೆ ಹಿಡಿದು ಕಾಯಬೇಕು. ಭಾರ ಎಷ್ಟಿರಬೇಕೆಂದರೆ, ಎರೆ ತಳವನ್ನು ಮುಟ್ಟಿರಬೇಕು, ಆದರೆ ಸೆಳೆತ ಬಲವಾದಾಗ ಮೆಲ್ಲನೆ ಉರುಳಿ ಮುಂದಿನ ಬಂಡೆಯ ಮರೆಯನ್ನು ಸೇರಬೇಕು. ಸಣ್ಣ ಮೀನುಗಳು ಕುಕ್ಕುವುದರಿಂದ ಆಗುವ ಅಲುಗಾಟಕ್ಕೂ ದೊಡ್ಡ ಮೀನು ಎತ್ತಿಕೊಂಡು ಹೊರಟಾಗಿನ ಸೆಳೆತಕ್ಕೂ ಇರುವ ಭೇದವನ್ನು ಬೆರಳೇ ಕಲಿಯಬೇಕು, ಪುಸ್ತಕ ಕಲಿಸಲಾರದು.

ಮಹಶೀರ್ ಕಚ್ಚಿದೊಡನೆ ಹರಿವಿನ ಜೊತೆಗೆ ಓಡುವ ಮೊದಲ ಓಟವೇ ಅತ್ಯಂತ ಪ್ರಬಲವಾದುದು. ಈ ಓಟಕ್ಕೆ ಬೇಕಾದಷ್ಟು ದಾರ ರೀಲಿನಲ್ಲಿರಬೇಕೆಂದು ಬಲ್ಲವರೆಲ್ಲರೂ ಒತ್ತಿ ಹೇಳುತ್ತಾರೆ. ಕಾವೇರಿಯಲ್ಲಿ ದೊಡ್ಡ ಮೀನು ಇಳಿಜಾರನ್ನು ದಾಟಿ ಕೆಳಗಿನ ಮಡುವಿಗೆ ಹೋದರೆ ಹರಿಗೋಲಿನಲ್ಲಿ ಹಿಂಬಾಲಿಸುತ್ತಿದ್ದರು. ಹರಿಗೋಲನ್ನು ನಡೆಸುವ ಸ್ಥಳೀಯನ ಜ್ಞಾನವಿಲ್ಲದೆ ಹೊರಗಿನಿಂದ ಬಂದ ಗಾಳಗಾರನ ಯಾವ ಉಪಕರಣವೂ ಅಲ್ಲಿ ಸಾಗುತ್ತಿರಲಿಲ್ಲ. ಆದರೂ ದಾಖಲೆಗಳಲ್ಲಿ ಉಳಿದಿರುವುದು ಕೋಲು ಹಿಡಿದವನ ಹೆಸರು ಮಾತ್ರ. ಚರಿತ್ರೆಯ ವಿದ್ಯಾರ್ಥಿಗೆ ಈ ಸ್ಥಿತಿ ಅಪರಿಚಿತವಲ್ಲ.

೬. ಗಾಳದ ದಾಖಲೆ ಆಧಾರವಾಗಬಲ್ಲುದೆ?

ಈಗ ಎರಡನೆಯ ಪ್ರಶ್ನೆಗೆ ಬರಬಹುದು. ಕಾವೇರಿಯ ಪ್ರದೇಶದ ದೊಡ್ಡ ಮಹಶೀರುಗಳ ವಿಷಯದಲ್ಲಿ ಪದೇ ಪದೇ ಉಲ್ಲೇಖಿಸಲ್ಪಡುವ ದಾಖಲೆಗಳು ಎರಡು. ೧೯೧೯ರಲ್ಲಿ ರಿವೆಟ್-ಕಾರ್ನಕ್ ಎಂಬ ಸೇನಾಧಿಕಾರಿಯು ಕಾವೇರಿಯಲ್ಲಿ ೧೧೯ ಪೌಂಡಿನ ಮೀನನ್ನು ಹಿಡಿದನು. ೧೯೪೬ರಲ್ಲಿ, ಮೈಸೂರಿನಲ್ಲಿ ಪ್ರಾಣಿಗಳ ಚರ್ಮ ತುಂಬುವ ಕಲೆಗೆ ಹೆಸರಾಗಿದ್ದ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಅವರು ಕಬಿನಿಯಲ್ಲಿ ೧೨೦ ಪೌಂಡಿನ, ಎಂದರೆ ಸುಮಾರು ೫೪ ಕಿಲೋಗ್ರಾಮಿನ, ಮೀನನ್ನು ಹಿಡಿದರು. ಕಬಿನಿಯ ಅಣೆಕಟ್ಟು ಪೂರ್ಣಗೊಂಡುದು ೧೯೭೪ರಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು. ಸ್ವಾತಂತ್ರ್ಯಾನಂತರ ಕೆಲವು ದಶಕಗಳ ಕಾಲ ಇಂಥ ಮೀನುಗಳು ಮುಗಿದುಹೋದುವೆಂಬ ಭಾವನೆ ಹೊರಗಿನವರಲ್ಲಿ ಹರಡಿದ್ದಿತು. ೧೯೭೮ರ ಸುಮಾರಿಗೆ ಬ್ರಿಟನ್ನಿನ ಕೆಲವು ಗಾಳಗಾರರು ಕಾವೇರಿಗೆ ಬಂದು ಅವು ಇನ್ನೂ ಇವೆಯೆಂದು ತೋರಿಸಿಕೊಟ್ಟರು. ದಂಡೆಯ ಬೆಸ್ತರಿಗೆ ಇದು ಹೊಸ ಸುದ್ದಿಯಾಗಿರಲಾರದು.

ಈ ದಾಖಲೆಗಳಿಂದ ಹಿಂದಿನ ಹೊಳೆಯಲ್ಲಿ ದೊಡ್ಡ ಮೀನುಗಳು ತುಂಬಿದ್ದುವೆಂದು ತೀರ್ಮಾನಿಸಬಹುದೆ? ಹಾಗೆ ತೀರ್ಮಾನಿಸುವ ಮೊದಲು ನಾಲ್ಕು ವಿಷಯಗಳನ್ನು ವಿಚಾರಿಸಬೇಕು. ಒಂದು, ಎರೆ ಯಾವುದು? ದೊಡ್ಡ ಉಂಡೆಯನ್ನೋ ಏಡಿಯನ್ನೋ ಹಾಕಿದವನಿಗೆ ಸಣ್ಣ ಮೀನು ಸಿಕ್ಕುವುದು ಕಡಿಮೆ. ಅವನ ಲೆಕ್ಕದಲ್ಲಿ ಸಣ್ಣ ಮೀನಿಲ್ಲದಿದ್ದರೆ ಹೊಳೆಯಲ್ಲಿ ಸಣ್ಣ ಮೀನಿರಲಿಲ್ಲವೆಂದು ಅರ್ಥವಲ್ಲ. ಎರಡು, ಋತು ಯಾವುದು? ನೀರು ತಿಳಿಯಾದ ತಿಂಗಳುಗಳ ಲೆಕ್ಕವನ್ನು ವರ್ಷಕ್ಕೆಲ್ಲ ಅನ್ವಯಿಸಲಾಗದು. ಮೂರು, ಠಾವು ಯಾವುದು? ಗಾಳಗಾರನು ಮೀನು ನಿಲ್ಲುವ ಮಡುಗಳನ್ನೇ ಆರಿಸುವುದರಿಂದ ಅವನ ಅನುಭವ ಇಡೀ ಹೊಳೆಗೆ ಪ್ರಾತಿನಿಧಿಕವಲ್ಲ. ನಾಲ್ಕು, ಬರಿಗೈಯಲ್ಲಿ ಹಿಂದಿರುಗಿದ ದಿನಗಳೆಷ್ಟು? ಮೀನು ಸಿಕ್ಕಿದ ದಿನವನ್ನು ಮಾತ್ರ ಬರೆದಿಡುವುದು ಮನುಷ್ಯಸ್ವಭಾವ. ಸಿಕ್ಕದ ದಿನಗಳ ಲೆಕ್ಕವಿಲ್ಲದ ದಾಖಲೆಯಿಂದ ಮೀನಿನ ಸಂಖ್ಯೆಯನ್ನು ಊಹಿಸುವುದು, ಗೆದ್ದ ಯುದ್ಧಗಳ ಪ್ರಶಸ್ತಿಯನ್ನೇ ನಂಬಿ ಅರಸನ ಆಳಿಕೆಯನ್ನು ಬರೆಯುವಂತಾಗುತ್ತದೆ.

ಈ ನಾಲ್ಕನೆಯ ಕೊರತೆಯನ್ನು ನೀಗಿದ ದಾಖಲೆಯೊಂದು ಕಾವೇರಿಯಲ್ಲಿಯೇ ದೊರೆತಿದೆ. ಗಾಳಿಬೋರೆಯ ಶಿಬಿರದಲ್ಲಿ ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ಮತ್ತೆ ಹೊಳೆಗೆ ಬಿಡುವ ಪದ್ಧತಿಯಿದ್ದಿತು. ಗಾಳ ಹಾಕಿದ ಗಂಟೆಗಳನ್ನೂ ಬರೆದಿಡುತ್ತಿದ್ದರು. ೧೯೯೮ರಿಂದ ೨೦೧೨ರ ವರೆಗಿನ ಈ ಪುಸ್ತಕಗಳನ್ನು ವಿಜ್ಞಾನಿಗಳು ಪರಿಶೀಲಿಸಿ ೨೦೧೫ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಟ್ಟು ೨೩,೬೨೦ ಗಂಟೆಗಳಲ್ಲಿ ೬,೧೬೧ ಮಹಶೀರುಗಳು ಸಿಕ್ಕಿದ್ದುವು. ಒಂದು ಮೀನಿಗೆ ಸರಾಸರಿ ನಾಲ್ಕು ಗಂಟೆಗಳಿಗೆ ಸ್ವಲ್ಪ ಕಡಿಮೆಯೆಂದಾಯಿತು. ವರ್ಷಗಳು ಕಳೆದಂತೆ ಗಂಟೆಗೆ ಸಿಕ್ಕುವ ಮೀನಿನ ಸಂಖ್ಯೆ ಹೆಚ್ಚುತ್ತ ಬಂದಿದ್ದಿತು. ಇಷ್ಟನ್ನೇ ಓದಿದವನು ಹೊಳೆ ಸಮೃದ್ಧವಾಗುತ್ತಿದೆಯೆಂದು ಸಂತೋಷಪಡಬಹುದು. ಆದರೆ ಮೀನಿನ ಸರಾಸರಿ ತೂಕ ಇಳಿಯುತ್ತಿದ್ದಿತು. ಹೆಚ್ಚುತ್ತಿದ್ದುದು ನೀಲಿ ಈಜುರೆಕ್ಕೆಯ ಮಹಶೀರ್. ಪುಣೆಯ ಕಡೆಯ ಹೊಳೆಯ ಮೀನನ್ನು ನೋಡಿ ಸೈಕ್ಸ್ ಎಂಬಾತನು ೧೮೩೯ರಲ್ಲಿ ವರ್ಣಿಸಿದ ಪ್ರಭೇದವಿದು. ಲೋಣಾವಳದ ಮರಿಕೇಂದ್ರದಲ್ಲಿ ಬೆಳೆಸಿದ ಇದರ ಮರಿಗಳನ್ನು ೧೯೭೦ರ ದಶಕದಿಂದ ಕಾವೇರಿಗೆ ಬಿಡಲಾಗಿದ್ದಿತು. ಅಪರೂಪವಾಗುತ್ತ ಬಂದುದು ಕಾವೇರ‍ಿಯದೇ ಆದ, ಬೆನ್ನು ಗೂನಿದ, ಕಿತ್ತಳೆ ಬಣ್ಣದ ಈಜುರೆಕ್ಕೆಗಳ ದೊಡ್ಡ ಮಹಶೀರ್. ಹಳೆಯ ಕಾಲದ ಗಾಳಗಾರರ ಕೀರ್ತಿಗೆ ಕಾರಣವಾದುದು ಈ ಮೀನು.

ಇನ್ನೊಂದು ವಿಚಿತ್ರವನ್ನು ಇಲ್ಲಿ ಹೇಳಲೇಬೇಕು. ಒಂದೂವರೆ ಶತಮಾನದ ಕಾಲ ಪ್ರಖ್ಯಾತವಾಗಿದ್ದ ಈ ಗೂನುಬೆನ್ನಿನ ಮೀನಿಗೆ ಸರಿಯಾದ ಶಾಸ್ತ್ರೀಯ ನಾಮಧೇಯವೇ ಇರಲಿಲ್ಲ. ಮುಸ್ಸುಲ್ಲಾ ಎಂಬ ಬೇರೊಂದು ಹೆಸರು ತಪ್ಪಾಗಿ ಬಳಕೆಯಲ್ಲಿದ್ದಿತು. ಕೇರಳದಲ್ಲಿ ಹರಿಯುವ ಕಾವೇರಿಯ ಉಪನದಿ ಪಾಂಬಾರಿನಿಂದ ವರ್ಣಿತವಾಗಿದ್ದ ಟಾರ್ ರೆಮಾದೇವಿ ಎಂಬ ಪ್ರಭೇದವೇ ಇದೆಂದು ನಿರ್ಣಯವಾದುದು ೨೦೧೮ರಲ್ಲಿ. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಇದನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಹೆಸರು ದೊರೆತ ವರ್ಷವೇ ಅಪಾಯದ ಘೋಷಣೆಯೂ ಆಯಿತು. ಅವನತಿಗೆ ಕಾರಣಗಳು ಹಲವು: ಅಣೆಕಟ್ಟುಗಳು ಹರಿವನ್ನೂ ಮೀನಿನ ಏರುದಾರಿಯನ್ನೂ ತಡೆದುದು, ಮರಳು ತೆಗೆಯುವುದು, ಸಿಡಿಮದ್ದು, ಬೇರೆ ಹೊಳೆಯ ಮೀನಿನ ಸ್ಪರ್ಧೆ. ಮೀನನ್ನು ಒಂದು ಜಲಾನಯನದಿಂದ ಇನ್ನೊಂದಕ್ಕೆ ಸಾಗಿಸುವ ಉತ್ಸಾಹ ನಮ್ಮಲ್ಲಿ ಮಾತ್ರ ಹುಟ್ಟಿದುದಲ್ಲ. ೧೮೫೪ರಲ್ಲಿ ಅಮೆರಿಕದಲ್ಲಿ ಓಹೈಯೋ ನದಿಯ ಕಡೆಯ ತೊರೆಯಿಂದ ಬಾಸ್ ಮೀನುಗಳನ್ನು ರೈಲಿನ ಎಂಜಿನ್ನಿನ ನೀರಿನ ತೊಟ್ಟಿಯಲ್ಲಿಟ್ಟು ತಂದು ಪೊಟೋಮ್ಯಾಕಿನ ಕಡೆಗೆ ಬಿಟ್ಟರು; ಅವು ಅಲ್ಲಿ ನೆಲಸಿದುವು. ಇಂಥ ಕಾರ್ಯಗಳ ಫಲವನ್ನು ಅಳೆಯಲು ಮುಂಚಿನ ಸ್ಥಿತಿಯ ದಾಖಲೆ ಬೇಕು. ಅದು ಎಲ್ಲ ಕಡೆಯೂ ದೊರೆಯುವುದಿಲ್ಲ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಹರಿಯುವ ನೀರಿನಲ್ಲಿ ಎರೆಯ ಆಯ್ಕೆಯು ಮೀನಿನ ಆಹಾರ, ಅದು ನಿಲ್ಲುವ ಠಾವು, ನೀರಿನ ವೇಗ ಮತ್ತು ತಿಳಿ ಎಂಬ ನಾಲ್ಕನ್ನು ಅವಲಂಬಿಸಿದೆ. ಆಹಾರದಿಂದ ಆರಂಭಿಸುವ ಈ ದೃಷ್ಟಿಯನ್ನು ಹನ್ನೆರಡನೆಯ ಶತಮಾನದ ಸೋಮೇಶ್ವರನ ಪ್ರಕರಣದಲ್ಲಿಯೂ ಹತ್ತೊಂಬತ್ತನೆಯ ಶತಮಾನದ ಥಾಮಸನ ಗ್ರಂಥದಲ್ಲಿಯೂ ಕಾಣಬಹುದು. ಎರೆಯೊಂದನ್ನು ಹೆಸರಿಸುವ ಪ್ರತಿಯೊಂದು ಬರಹವೂ ತನಗರಿವಿಲ್ಲದೆಯೇ ಆ ಕಾಲದ ಹೊಳೆಯ ಬಗ್ಗೆ ಸಾಕ್ಷ್ಯ ನುಡಿಯುತ್ತದೆ. ಆ ಸಾಕ್ಷ್ಯವನ್ನು ಬಳಸುವವನು ಶಾಸನವನ್ನು ಓದುವಾಗ ತೋರುವ ಎಚ್ಚರವನ್ನೇ ಇಲ್ಲಿಯೂ ತೋರಬೇಕು. ಯಾರು, ಎಲ್ಲಿ, ಯಾವ ಋತುವಿನಲ್ಲಿ, ಯಾವ ಎರೆಯಿಂದ, ಎಷ್ಟು ಹೊತ್ತು ಎಂದು ಕೇಳದೆ ಮೀನಿನ ತೂಕವನ್ನು ಮಾತ್ರ ಉದ್ಧರಿಸುವುದರಿಂದ ಪ್ರಯೋಜನವಿಲ್ಲ.

ಕಾವೇರಿಯ ವನ್ಯಧಾಮದ ಶಿಬಿರಗಳಲ್ಲಿ ಗಾಳದ ವಿನೋದ ೨೦೧೨ರ ಸುಮಾರಿಗೆ ನಿಂತಿತು. ಅದರೊಡನೆ ಆ ದಿನಚರಿ ಪುಸ್ತಕಗಳೂ ನಿಂತುವು. ನಿಷೇಧದ ಸಾಧಕಬಾಧಕಗಳ ಚರ್ಚೆ ಈ ಲೇಖನದ ವ್ಯಾಪ್ತಿಗೆ ಸೇರಿದುದಲ್ಲ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಹೊಳೆಯ ದಂಡೆಯ ಊರುಗಳಿಂದ ಬಂದವರು ಅನೇಕರಿದ್ದಾರೆ. ಹರಿಗೋಲನ್ನು ನಡೆಸಿದವರು, ರಾಗಿ ಹಿಟ್ಟಿನ ಪಾಕವನ್ನು ಬಲ್ಲವರು, ಯಾವ ಮಡುವಿನಲ್ಲಿ ಯಾವ ಮೀನು ನಿಲ್ಲುತ್ತಿದ್ದಿತೆಂದು ಹೇಳಬಲ್ಲವರು ಆ ಊರುಗಳಲ್ಲಿ ಇನ್ನೂ ಇದ್ದಾರೆ. ಮಡುಗಳ ಹೆಸರು, ಮೀನುಗಳ ಸ್ಥಳೀಯ ಹೆಸರು, ಎರೆಗಳ ವಿವರ, ಮೀನು ಕಾಣೆಯಾದ ವರ್ಷ ಇವುಗಳನ್ನು ಅವರಿಂದ ಕೇಳಿ ಬರೆದಿಟ್ಟುಕೊಂಡರೆ, ಯಾವ ಶಾಸನದಲ್ಲಿಯೂ ಯಾವ ಸರ್ಕಾರಿ ಕಡತದಲ್ಲಿಯೂ ದೊರೆಯದ ಸಾಮಗ್ರಿ ಸಂಗ್ರಹವಾಗುತ್ತದೆ. ಗೂನುಬೆನ್ನಿನ ಮಹಶೀರಿನ ವಿಷಯದಲ್ಲಿ ಹೆಸರನ್ನು ಕಂಡುಕೊಳ್ಳುವುದೇ ತಡವಾಯಿತು. ಉಳಿದ ಮೀನುಗಳ ವಿಷಯದಲ್ಲಿಯಾದರೂ ಹಾಗಾಗದಂತೆ ನೋಡಿಕೊಳ್ಳುವುದರಲ್ಲಿ ಚರಿತ್ರೆಯ ವಿದ್ಯಾರ್ಥಿಗೂ ಒಂದು ಪಾಲಿದೆ.